ಬ್ರಷ್ ಕಟರ್‌ಗೆ ದಮ್ಮಿಲ್ಲವೇ? ‘ಎಂಜಿನ್ ಹೋಯಿತು’ ಎನ್ನುವ ಮೊದಲು ಇದನ್ನು ಓದಿ

ಬೇಸಿಗೆಯಿಡೀ ಶಹಾಬಜಾರದ ಮನೆಯ ಮೂಲೆಯಲ್ಲಿದ್ದ ಹುಲ್ಲು ಕತ್ತರಿಸುವ ಬ್ರಷ್ ಕಟರ್ ಮಳೆಗಾಲದಲ್ಲಿ ಸ್ಟಾರ್ಟ್ ಆದರೂ ಜೋರು ಹಿಡಿಯುವುದಿಲ್ಲವೇ? ಹೆಚ್ಚಿನ ಸಲ ಕೆಟ್ಟಿರುವುದು ಎಂಜಿನ್ ಅಲ್ಲ, ಪೆಟ್ರೋಲ್.

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿಗೆ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಕಾರ್ಬುರೇಟರ್‌ನ ಸಣ್ಣ ಜೆಟ್ ಕಟ್ಟುತ್ತದೆ. ಅದರಲ್ಲಿ ಬೆರೆತ ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ.

ಚೋಕ್ ಹಾಕಿದಾಗ ಮಾತ್ರ ಚೆನ್ನಾಗಿ ಓಡಿದರೆ ಜೆಟ್ ಕಟ್ಟಿರುವ ಸಾಧ್ಯತೆ ಹೆಚ್ಚು. ಹಾಗೆಂದು ಚೋಕ್ ಹಾಕಿಯೇ ಓಡಿಸಬೇಡಿ.

ಏನು ಮಾಡಬೇಕು? ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ವೈರ್ ತೆಗೆಯಿರಿ. ಹಳೇ ಪೆಟ್ರೋಲ್ ಚೆಲ್ಲದೆ ಡಬ್ಬಿಗೆ ತೆಗೆದು ಹೊಸದು ಹಾಕಿ. ಟೂ-ಸ್ಟ್ರೋಕ್ ಆದರೆ ಕಂಪನಿ ಹೇಳಿದಷ್ಟು ಆಯಿಲ್ ಬೆರೆಸಿ. ಏರ್ ಫಿಲ್ಟರ್, ಪ್ಲಗ್, ಸೈಲೆನ್ಸರ್ ಬಾಯಿಯ ಮಸಿ ಸ್ವಚ್ಛ ಮಾಡಿ. ಆಗಲೂ ಸರಿಹೋಗದಿದ್ದರೆ ಮೆಕ್ಯಾನಿಕ್ ಬಳಿ ಕಾರ್ಬುರೇಟರ್ ತೊಳೆಸಿ.

ಮುಂದಿನ ಸಲ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.