ಸ್ವಂತ ಹಣದ ರಕ್ಷಾಕವಚ: ಅಮೆರಿಕ ಸೇನೆಯ ನಿಯಮಗಳು ಏನು ಹೇಳುತ್ತವೆ?

ಸೇನೆಯು ಒದಗಿಸಿದ ಸಾಧನಗಳ ಬದಲಿಗೆ, ಸೈನಿಕನು ಸ್ವಂತ ಹಣದಿಂದ ಕೊಂಡ ವಸ್ತುಗಳನ್ನು ರಣರಂಗದಲ್ಲಿ ಧರಿಸಬಹುದೇ? ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ಪ್ರಶ್ನೆ, 2003ರಲ್ಲಿ ಆರಂಭವಾದ ಇರಾಕ್ ಯುದ್ಧದ ಸಂದರ್ಭದಲ್ಲಿ ಅಮೆರಿಕದ ಸಂಸತ್ತಿನವರೆಗೂ ಹೋಯಿತು.

ಕೊರತೆಯಿಂದ ಹುಟ್ಟಿದ ಖರೀದಿ

ಆಗ ಅಮೆರಿಕದ ಸೈನಿಕರಿಗೆ ನೀಡಲಾಗುತ್ತಿದ್ದುದು 'ಇಂಟರ್‌ಸೆಪ್ಟರ್' ಎಂಬ ಕವಚ. ಇದರ ನಾರಿನ ಅಂಗಿಯು ಸಿಡಿದ ಚೂರುಗಳನ್ನೂ ಪಿಸ್ತೂಲಿನ ಗುಂಡುಗಳನ್ನೂ ತಡೆಯಬಲ್ಲದು. ರೈಫಲ್ ಗುಂಡನ್ನು ತಡೆಯಲು ಎದೆಗೂ ಬೆನ್ನಿಗೂ ಸೆರಾಮಿಕ್ ಫಲಕಗಳನ್ನು ಸೇರಿಸಬೇಕು. ಯುದ್ಧದ ಮೊದಲ ತಿಂಗಳುಗಳಲ್ಲಿ ಈ ಫಲಕಗಳು ಎಲ್ಲರಿಗೂ ಸಾಲಲಿಲ್ಲ. ಆಗ ಹಲವು ಸೈನಿಕರ ತಂದೆತಾಯಿಯರು, ಪತ್ನಿಯರು ತಮ್ಮ ಉಳಿತಾಯದ ಹಣದಿಂದಲೇ ಕವಚಗಳನ್ನು ಕೊಂಡು ಕಳುಹಿಸಿದರು.

ಮರುಪಾವತಿಯ ಕಾನೂನು

ಸರ್ಕಾರವು ಮಾಡಬೇಕಾದ ವೆಚ್ಚವನ್ನು ಕುಟುಂಬಗಳು ಭರಿಸುವುದು ಅನ್ಯಾಯವೆಂದು ಸೆನೆಟರ್ ಕ್ರಿಸ್ಟೋಫರ್ ಡಾಡ್ ವಾದಿಸಿದರು. ಇದರ ಫಲವಾಗಿ, 2004ರ ಅಕ್ಟೋಬರ್‌ನಲ್ಲಿ ಜಾರಿಯಾದ ರಕ್ಷಣಾ ಕಾಯ್ದೆಯಲ್ಲಿ ಮರುಪಾವತಿಗೆ ಅವಕಾಶ ದೊರೆಯಿತು. ಪ್ರತಿ ವಸ್ತುವಿಗೆ ಗರಿಷ್ಠ 1,100 ಡಾಲರ್ ಮಿತಿಯನ್ನು ನಿಗದಿಪಡಿಸಲಾಯಿತು. ಆದರೆ ರಕ್ಷಣಾ ಇಲಾಖೆಯು ಇದರ ನಿಯಮಗಳನ್ನು ಪ್ರಕಟಿಸಿದ್ದು 2005ರ ಅಕ್ಟೋಬರ್‌ನಲ್ಲಿ, ಸುಮಾರು ಒಂದು ವರ್ಷದ ವಿಳಂಬದ ನಂತರ.

2006ರ ನಿಷೇಧ

2006ರ ಮಾರ್ಚ್‌ನಲ್ಲಿ ಭೂಸೇನೆಯು ಸುರಕ್ಷತಾ ಆದೇಶವೊಂದನ್ನು ಹೊರಡಿಸಿ, ತಾನು ವಿತರಿಸಿದ ಕವಚಗಳ ಹೊರತು ಬೇರಾವುದನ್ನೂ ಧರಿಸಕೂಡದೆಂದು ಕಟ್ಟಪ್ಪಣೆ ಮಾಡಿತು. ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಜೋಡಿಸಿದ ಬಿಲ್ಲೆಗಳಿಂದಾದ 'ಡ್ರ್ಯಾಗನ್ ಸ್ಕಿನ್' ಕವಚವೇ ಈ ವಿವಾದದ ಕೇಂದ್ರವಾಗಿತ್ತು. ಅದು ಇಂಟರ್‌ಸೆಪ್ಟರ್‌ಗಿಂತ ಉತ್ತಮವೆಂಬ ನಂಬಿಕೆ ಹಲವರಲ್ಲಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ನಡೆದ ಪರೀಕ್ಷೆಯಲ್ಲಿ ಹಾರಿಸಿದ 48 ಗುಂಡುಗಳಲ್ಲಿ 13 ಈ ಕವಚವನ್ನು ಭೇದಿಸಿದವೆಂದೂ, ತೀವ್ರ ಉಷ್ಣತೆಯಲ್ಲಿ ಬಿಲ್ಲೆಗಳು ಸ್ಥಾನಪಲ್ಲಟಗೊಂಡವೆಂದೂ ಭೂಸೇನೆಯು 2007ರಲ್ಲಿ ಬಹಿರಂಗಪಡಿಸಿತು. ತಯಾರಕ ಸಂಸ್ಥೆಯು ಈ ತೀರ್ಮಾನವನ್ನು ಒಪ್ಪಲಿಲ್ಲ. 2007ರ ಜೂನ್‌ನಲ್ಲಿ ಸಂಸತ್ತಿನ ಸಮಿತಿಯೂ ಈ ಕುರಿತು ವಿಚಾರಣೆ ನಡೆಸಿತು.

ಎಲ್ಲವೂ ನಿಷಿದ್ಧವಲ್ಲ

ಸ್ವಂತ ಖರೀದಿಗೆ ಅಮೆರಿಕದ ನಿಯಮಾವಳಿಯು ಸಂಪೂರ್ಣವಾಗಿ ಬಾಗಿಲು ಮುಚ್ಚಿಲ್ಲ. ಎತ್ತರ, ಬಣ್ಣ, ವಿನ್ಯಾಸಗಳು ನಿಯಮಕ್ಕೆ ಅನುಗುಣವಾಗಿದ್ದರೆ ಸೈನಿಕನು ಅಂಗಡಿಯಲ್ಲಿ ಕೊಂಡ ಬೂಟುಗಳನ್ನು ಧರಿಸಬಹುದು. ಸುರಕ್ಷತೆಯ ಕಾರಣಕ್ಕೆ ಅಧಿಕಾರಿಯು ಸೇನೆಯ ಪಾದರಕ್ಷೆಯನ್ನೇ ವಿಧಿಸಿದಾಗ ಮಾತ್ರ ಈ ಅವಕಾಶವಿಲ್ಲ. ರಕ್ಷಣಾ ಕನ್ನಡಕಗಳಿಗೆ ಸೇನೆಯೇ ಪರೀಕ್ಷಿಸಿ ಸಿದ್ಧಪಡಿಸಿದ ಅನುಮೋದಿತ ಪಟ್ಟಿಯಿದೆ.

ರೈಫಲ್ ಮ್ಯಾಗಜೀನ್‌ಗಳ ವೃತ್ತಾಂತವೂ ಬೋಧಪ್ರದವಾಗಿದೆ. ಸೈನಿಕರಲ್ಲಿ ಜನಪ್ರಿಯವಾಗಿದ್ದ 'ಪಿಮ್ಯಾಗ್' ಎಂಬ ಪ್ಲಾಸ್ಟಿಕ್ ಮ್ಯಾಗಜೀನ್‌ಗಳನ್ನು ಮರೀನ್ ದಳವು 2012ರಲ್ಲಿ ನಿಷೇಧಿಸಿತು. ಅವುಗಳ ಅಂದಿನ ಮಾದರಿಯು ದಳದ ಎಂ-27 ರೈಫಲ್‌ಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಸುಧಾರಿತ ಮಾದರಿಯು ಬಂದ ನಂತರ, 2016ರಲ್ಲಿ ದಳವೇ ಅದಕ್ಕೆ ಅನುಮತಿ ನೀಡಿತು.

ನಿಯಮದ ತಿರುಳು

ವಸ್ತುವಿಗೆ ಹಣ ಕೊಟ್ಟವರು ಯಾರು ಎಂಬುದಕ್ಕಿಂತ, ಅದನ್ನು ಪರೀಕ್ಷಿಸಿದವರು ಯಾರು, ವಿಫಲವಾದರೆ ಹೊಣೆ ಯಾರದು ಎಂಬುದೇ ಈ ನಿಯಮಗಳ ಮೂಲಪ್ರಶ್ನೆ. ಬೂಟು ಹರಿದರೆ ಕಾಲು ನೋಯಬಹುದು. ಕವಚವು ವಿಫಲವಾದರೆ ಪ್ರಾಣವೇ ಹೋಗುತ್ತದೆ. ಆದುದರಿಂದಲೇ ಪ್ರಾಣಾಪಾಯದ ಸಂಭವ ಹೆಚ್ಚಿದಂತೆ ನಿಯಮವೂ ಬಿಗಿಯಾಗುತ್ತದೆ. ಆದರೆ ನಿಷೇಧಿಸುವ ಅಧಿಕಾರದೊಂದಿಗೆ ಒದಗಿಸುವ ಕರ್ತವ್ಯವೂ ಬೆಸೆದುಕೊಂಡಿದೆ. ಸಾಕಷ್ಟು ಫಲಕಗಳನ್ನು ಸಕಾಲದಲ್ಲಿ ಕೊಟ್ಟಿದ್ದರೆ, ಮಗನ ಜೀವ ಉಳಿಸಲು ತಂದೆತಾಯಿಯರು ಕವಚದ ಅಂಗಡಿಯನ್ನು ಹುಡುಕಿ ಹೊರಡಬೇಕಾಗುತ್ತಿರಲಿಲ್ಲ.