ರಿಮಾಂಡ್: ಮರಳಿ ಒಪ್ಪಿಸುವ ಮಾತು

ಪತ್ರಿಕೆ ಓದುವ ನಮಗೆ ‘ರಿಮಾಂಡ್’ ಎಂದರೆ ಆರೋಪಿಯನ್ನು ಕಸ್ಟಡಿಗೆ ಕಳಿಸುವುದು. ಪದದ ಬೇರು ಲ್ಯಾಟಿನ್ನಿನ ‘ರೆಮಂದಾರೆ’. ‘ರೆ’ ಅಂದರೆ ಹಿಂದಕ್ಕೆ, ‘ಮಂದಾರೆ’ ಅಂದರೆ ಒಪ್ಪಿಸು. ಮೇಲಿನ ಕೋರ್ಟು ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದಾಗಲೂ ನಮ್ಮ ವಕೀಲರು ಇದೇ ಪದ ಬಳಸುತ್ತಾರೆ. ಬೇರಿಗೆ ಹತ್ತಿರದ ಅರ್ಥ ಅದೇ.

ಅಮೆರಿಕದಲ್ಲಿ ಇದರ ತೂಕ ಇನ್ನೂ ಹೆಚ್ಚು. ರಾಜ್ಯದ ಕೋರ್ಟಿನಲ್ಲಿ ಹೂಡಿದ ಕೆಲವು ಬಗೆಯ ದಾವೆಗಳನ್ನು ಪ್ರತಿವಾದಿ ಫೆಡರಲ್ ಕೋರ್ಟಿಗೆ ಒಯ್ಯಬಹುದು, ಅದು ‘ರಿಮೂವಲ್’. ಅದರ ನೋಟಿಸಿನ ಪ್ರತಿ ತಲುಪಿದ ಮೇಲೆ ರಾಜ್ಯದ ಕೋರ್ಟು ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ಫೆಡರಲ್ ಕೋರ್ಟು ರಿಮಾಂಡ್ ಮಾಡಿ, ಅದರ ಗುಮಾಸ್ತರು ಆದೇಶದ ದೃಢೀಕೃತ ನಕಲನ್ನು ಅಂಚೆಗೆ ಹಾಕಬೇಕು. ಆಮೇಲೆಯೇ ಕಡತ ಮತ್ತೆ ತೆರೆಯುವುದು.

ಪೋರ್ಟೊ ರಿಕೊದ ಕ್ಯಾಥೊಲಿಕ್ ಶಾಲಾ ನೌಕರರ ಪಿಂಚಣಿ ವ್ಯಾಜ್ಯದಲ್ಲಿ ಇದು ನಿಚ್ಚಳವಾಯಿತು. 2018ರ ಫೆಬ್ರವರಿಯಲ್ಲಿ ಸಾನ್ ಹ್ವಾನ್ ಮಹಾಧರ್ಮಕ್ಷೇತ್ರ ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ದಿತು. ಮಾರ್ಚಿನಲ್ಲಿ ಸ್ಥಳೀಯ ಕೋರ್ಟು ಪಿಂಚಣಿ ಪಾವತಿಗೂ ಜಪ್ತಿಗೂ ಆದೇಶ ಹೊರಡಿಸಿತು. ರಿಮಾಂಡ್ ಆದದ್ದು ಆಗಸ್ಟಿನಲ್ಲಿ, ಅದೂ ಮಾರ್ಚಿನ ತಾರೀಖು ಹಾಕಿ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಹಿಂದಿನ ತಾರೀಖನ್ನು ಒಪ್ಪಲಿಲ್ಲ. ನಡುವಿನ ಆದೇಶಗಳು ಬರೀ ತಪ್ಪಲ್ಲ, ಶೂನ್ಯ ಎಂದಿತು. ಪಿಂಚಣಿಗೆ ಕಾದು ಕುಳಿತವರನ್ನು ನೆನೆದರೆ ಸಂಕಟವಾಗುತ್ತದೆ. ಆದರೂ ಒಂದೇ ಕೇಸಿಗೆ ಏಕಕಾಲದಲ್ಲಿ ಇಬ್ಬರು ಯಜಮಾನರು ಇರಬಾರದೆಂಬ ನಿಲುವು ಸರಿಯೇ.

ಸುದ್ದಿ ಅನುವಾದಿಸುವವರಲ್ಲಿ ಒಂದು ವಿನಂತಿ: ಅಲ್ಲಿನ ಸಿವಿಲ್ ದಾವೆಯಲ್ಲಿ ‘ರಿಮಾಂಡ್’ ಕಂಡರೆ ‘ಕಸ್ಟಡಿ’ ಎನ್ನಬೇಡಿ, ‘ವಾಪಸ್ ಕಳಿಸಿತು’ ಎಂದು ಬರೆಯಿರಿ.