ಟ್ರೋಗನ್ನಿನ ಮಕ್ಕಳ ಗ್ರಾಮ

ಪರರಾಜ್ಯದೊಡನೆ ನಡೆದ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಗುವನ್ನು ವೀರಪುತ್ರನೆಂದು ನಾಡೆಲ್ಲ ಆದರಿಸುವುದುಂಟು. ಅಂತರ್ಯುದ್ಧದಲ್ಲಿ ಅನಾಥವಾದ ಶಿಶುವಿಗಾದರೋ ಆ ಭಾಗ್ಯವೂ ಇಲ್ಲ. ಅದರ ತಂದೆಯನ್ನು ಕೊಂದವನು ನೆರೆಯೂರಿನವನೇ ಆಗಿರಬಹುದು, ಅದಕ್ಕೆ ಅನ್ನವಿಕ್ಕಬೇಕಾದ ಸರ್ಕಾರವು ಆ ಕೊಂದವನ ಪಕ್ಷದ್ದೇ ಆಗಿರಬಹುದು. ಈ ಸಂಕಟವನ್ನು ಕಣ್ಣಾರೆ ಕಂಡು ಅದಕ್ಕೆ ಮೈಯೊಡ್ಡಿದವರಲ್ಲಿ ಶಿಕ್ಷಣತಜ್ಞ ಪೆಸ್ಟಾಲಜಿ ಪ್ರಾತಃಸ್ಮರಣೀಯನು. ಸ್ವಿಟ್ಜರ್ಲೆಂಡಿನ ಟ್ರೋಗನ್ ಎಂಬಲ್ಲಿ ಅವನ ಹೆಸರಿನಲ್ಲಿ ನೆಲೆಗೊಂಡಿರುವ ಮಕ್ಕಳ ಗ್ರಾಮದ ಚರಿತ್ರೆಯನ್ನು ಅವನಿಂದಲೇ ಆರಂಭಿಸುವುದು ನ್ಯಾಯ.

1798ರಲ್ಲಿ ಫ್ರೆಂಚರ ಬೆಂಬಲದಿಂದ ಸ್ಥಾಪಿತವಾದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಲ್ಲೆವೆಂದು ನಿಡ್ವಾಲ್ಡನ್ ಪ್ರಾಂತದ ಕೃಷಿಕರು ತಿರುಗಿಬಿದ್ದರು. ಸೆಪ್ಟೆಂಬರ್ 9ರಂದು ಫ್ರೆಂಚ್ ಸೈನ್ಯವು ಆ ದಂಗೆಯನ್ನು ಹೊಸಕಿಹಾಕಿತು. ಊರುಗಳು ಉರಿದವು, ನೂರಾರು ಜನ, ಸ್ತ್ರೀಯರೂ ಸಹ, ಹತರಾದರು. ಉಳಿದ ಮಕ್ಕಳಿಗಾಗಿ ಸ್ಟಾನ್ಸ್ ಪಟ್ಟಣದ ಸನ್ಯಾಸಿನಿಯರ ಮಠವೊಂದರಲ್ಲಿ ಸರ್ಕಾರವು ಆಶ್ರಮವನ್ನು ತೆರೆದು, ಐವತ್ತು ದಾಟಿದ ಪೆಸ್ಟಾಲಜಿಗೆ ಅದನ್ನು ಒಪ್ಪಿಸಿತು. ಕಜ್ಜಿ ಹತ್ತಿ, ಮೂಳೆ ಚಕ್ಕಳವಾಗಿ, ಯಾರನ್ನೂ ನಂಬದೆ ಬಂದ ಸುಮಾರು 80 ಮಕ್ಕಳ ನಡುವೆಯೇ ಅವನು ಉಂಡನು, ಅವರ ನಡುವೆಯೇ ಮಲಗಿದನು, ಅವರ ಹುಣ್ಣುಗಳನ್ನು ತಾನೇ ತೊಳೆದನು. ಅವನು ಪ್ರಾಟೆಸ್ಟಂಟನು, ಊರು ಕ್ಯಾಥೊಲಿಕರದು. ಅದಕ್ಕಿಂತ ಮಿಗಿಲಾಗಿ, ಊರನ್ನು ಸುಟ್ಟ ಸರ್ಕಾರದ ಕಡೆಯವನೆಂಬ ಸಂಶಯವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅರ್ಧ ವರ್ಷವೂ ತುಂಬುವ ಮುನ್ನವೇ, 1799ರ ಜೂನ್ ತಿಂಗಳಲ್ಲಿ, ಸೈನ್ಯದ ಆಸ್ಪತ್ರೆಗಾಗಿ ಆ ಕಟ್ಟಡವನ್ನು ತೆರವು ಮಾಡಿಸಿದರು. ಆದರೂ ಮಗುವಿಗೆ ಮೊದಲು ಮನೆ, ಅನಂತರ ಪಾಠ ಎಂಬ ಅವನ ತತ್ತ್ವವು ಸ್ಪಷ್ಟವಾದುದು ಆ ಕೆಲವೇ ತಿಂಗಳುಗಳಲ್ಲಿ.

ಅದಾದ ಸುಮಾರು ಒಂದೂವರೆ ಶತಮಾನದ ಮೇಲೆ, 1944ರ ಆಗಸ್ಟಿನಲ್ಲಿ, ಕ್ಷಯರೋಗದಿಂದ ನರಳಿದ್ದ ತತ್ತ್ವಚಿಂತಕ ವಾಲ್ಟರ್ ರೋಬರ್ಟ್ ಕೋರ್ಟಿಯು, ಯುದ್ಧದಿಂದ ನೊಂದ ಮಕ್ಕಳಿಗೆ ಒಂದು ಗ್ರಾಮವನ್ನೇ ಕಟ್ಟೋಣವೆಂದು 'ಡು' ಪತ್ರಿಕೆಯ ಮೂಲಕ ಕರೆಯಿತ್ತನು. ಟ್ರೋಗನ್ನಿನವರು ನೆಲವನ್ನು ಕೊಟ್ಟರು. ಶಾಲಾಮಕ್ಕಳು ಕೆಂಪು ಗುಲಗಂಜಿ ಹುಳುವಿನ ಪದಕಗಳನ್ನು ಮಾರಿ ಹಣ ಕೂಡಿಸಿದರು. ನಾನಾ ದೇಶಗಳ ತರುಣರು ಬಂದು ಮಣ್ಣು ಹೊತ್ತರು. 1946ರ ಏಪ್ರಿಲ್ 28ರಂದು ಶಂಕುಸ್ಥಾಪನೆಯಾಯಿತು. ವಾಸ್ತುಶಿಲ್ಪಿ ಹಾನ್ಸ್ ಫಿಶ್ಲಿಯು ಉದ್ದನೆಯ ವಸತಿಗೃಹಗಳನ್ನು ಬಯಸದೆ, ಆಪೆಂಜೆಲ್ ಸೀಮೆಯ ರೈತರ ಮನೆಗಳಂತಹ ಮರದ ಮನೆಗಳನ್ನೇ ಯೋಜಿಸಿದನು.

ಈ ಗ್ರಾಮದ ಮೊದಲಿನ ಏರ್ಪಾಡಿನಲ್ಲಿ ನನಗೆ ಅತ್ಯಂತ ಪೂಜ್ಯವೆನಿಸುವ ಅಂಶವು ಇದು: ಪ್ರತಿಯೊಂದು ಮನೆಯೂ ಒಂದು ದೇಶದ ಮಕ್ಕಳದಾಗಿದ್ದಿತು, ಅಲ್ಲಿ ತಾಯಿತಂದೆಯರ ಸ್ಥಾನದಲ್ಲಿದ್ದ ದಂಪತಿಗಳು ಆ ದೇಶದವರೇ, ಎಳೆಯರ ಪಾಠವೂ ಪ್ರಾರ್ಥನೆಯೂ ಅವರ ನುಡಿಯಲ್ಲಿಯೇ. ಬೀದಿಗಿಳಿದರೆ ಮಾತ್ರ ಎಲ್ಲರಿಗೂ ಸಮಾನವಾದ ಜರ್ಮನ್ ಭಾಷೆ. ಪೋಲೆಂಡಿನ ಮಗುವೂ ಜರ್ಮನಿಯ ಮಗುವೂ ಒಂದೇ ಬಯಲಿನಲ್ಲಿ ಆಡಿದುದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಲ್ಲ. 1946ರಿಂದ 1949ರವರೆಗೆ ಅಂತರ್ಯುದ್ಧದಲ್ಲಿ ಬೆಂದ ಗ್ರೀಸಿನಿಂದಲೂ ಮಕ್ಕಳು ಬಂದರು. ಆ ಯುದ್ಧದಲ್ಲಿ ಒಂದು ಪಕ್ಷದವರು ಮಕ್ಕಳನ್ನು ಗಡಿ ದಾಟಿಸಿ ಪೂರ್ವ ಯೂರೋಪಿಗೆ ಒಯ್ದರು, ಮತ್ತೊಂದು ಪಕ್ಷದವರು ರಾಣಿಯ ಆಶ್ರಯದ ಶಿಬಿರಗಳಲ್ಲಿ ಕೂಡಿಹಾಕಿದರು. ಒಬ್ಬರು ರಕ್ಷಣೆಯೆಂದುದನ್ನು ಇನ್ನೊಬ್ಬರು ಅಪಹರಣವೆಂದರು, ಮಕ್ಕಳನ್ನು ಹಿಂದಿರುಗಿಸುವ ಪ್ರಶ್ನೆಯು 1948ರಲ್ಲಿ ವಿಶ್ವಸಂಸ್ಥೆಯವರೆಗೂ ಹೋಯಿತು. ತನ್ನ ತಂದೆ ಯಾವ ಪಕ್ಷದವನೆಂದು ಕೇಳದ ಮನೆಯೊಂದು ಅಂಥ ನಾಡಿನ ಕೂಸಿಗೆ ದೊರೆತುದು ಎಷ್ಟು ದೊಡ್ಡ ನೆಮ್ಮದಿ!

1949ರಿಂದ 1972ರವರೆಗೆ ಗ್ರಾಮದ ಹೊಣೆಯನ್ನು ಹೊತ್ತವನು ಆರ್ಥರ್ ಬಿಲ್. ಬೆಳೆದ ಮಕ್ಕಳು ಸ್ವದೇಶಕ್ಕೆ ಮರಳಿ ಅಲ್ಲಿ ಬಾಳಬೇಕೆಂಬುದು ಮೊದಲಿನ ಸಂಕಲ್ಪವಾಗಿದ್ದಿತು. ನುಡಿಯನ್ನೂ ನಡೆಯನ್ನೂ ಕಾಪಾಡಿದುದು ಅದಕ್ಕಾಗಿಯೇ. ಆದರೆ 1960ರಲ್ಲಿ ಟಿಬೆಟ್ಟಿನ ಮಕ್ಕಳು ಬಂದಾಗ, ನಮ್ಮ ಬೈಲಕುಪ್ಪೆಯಲ್ಲಿ ಆಸರೆ ಪಡೆದವರಂತೆಯೇ, ಅವರಿಗೂ ಮರಳುವ ದಾರಿಯಿರಲಿಲ್ಲ. ಅವರಿಗಾಗಿ ಗ್ರಾಮದ ಹಿರಿಯರು ಹಳೆಯ ಸಂಕಲ್ಪವನ್ನು ಸಡಿಲಿಸಬೇಕಾಯಿತು. ಟಿಬೆಟ್ಟಿನ ಭಾಷೆಯನ್ನೂ ಧರ್ಮವನ್ನೂ ಕಲಿಸುತ್ತಲೇ, ಸ್ವಿಸ್ ನೆಲದಲ್ಲಿಯೇ ಅವರು ಬೇರೂರುವುದಕ್ಕೂ ಅನುವು ಮಾಡಿಕೊಟ್ಟರು.